ಠಸ್ಸೆಪ್ಪನವರ ಐವತ್ತು ಗುಂಡು

ನಮ್ಮ ಅಂಚೆ ಕಚೇರಿಯ ಠಸ್ಸೆಪ್ಪನವರಿಗೆ ತಂದೆತಾಯಿ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತಾರು ವರ್ಷ ಕಾಗದಗಳ ಮೇಲೆ ಠಸ್ಸೆ ಒತ್ತಿ ಒತ್ತಿ ಅವರ ಬಲದೋಳು ಎಡದೋಳಿಗಿಂತ ಒಂದು ಸುತ್ತು ದಪ್ಪವಾಗಿತ್ತು. ಯಾರ ತಂಟೆಗೂ ಹೋಗದ ಮನುಷ್ಯ. ಪಕ್ಕದ ಪಾರ್ಸೆಲ್ ಕೌಂಟರಿನಲ್ಲಿ ಕೂರುವ ನನಗೆ ಅವರಲ್ಲಿ ಕಂಡ ದೋಷ ಒಂದೇ. "ನಿಮಗೆ ಇದು ಗೊತ್ತಾ?" ಎಂದು ಯಾರಾದರೂ ಕೇಳಿದರೆ, "ಇಲ್ಲ" ಎಂಬ ಎರಡಕ್ಷರ ಅವರ ಬಾಯಿಂದ ಹೊರಡುತ್ತಿರಲಿಲ್ಲ.

ಹೊಸ ಪೋಸ್ಟ್ ಮಾಸ್ಟರಿಗೆ ಗುರಿ ಹೊಡೆಯುವ ಹುಚ್ಚು. ಬಂದ ವಾರವೇ ತಮ್ಮ ಕೋಣೆಯ ಗೋಡೆಗೆ ತೂತು ಬಿದ್ದ ಗುರಿಕಾಗದವೊಂದನ್ನು ಕಟ್ಟು ಹಾಕಿಸಿ ತೂಗುಹಾಕಿದರು. ಬೇರೆ ಬೇರೆ ಕಚೇರಿಗಳ ನಡುವೆ ರೈಫಲ್ ಸ್ಪರ್ಧೆ ನಡೆಯುತ್ತದೆಂದೂ ನಮ್ಮಿಂದ ಇಬ್ಬರು ಬೇಕೆಂದೂ ಸುತ್ತೋಲೆ ಬಂದಾಗ, ಅವರು ಹೊರಗೆ ಬಂದು ಎಲ್ಲರನ್ನೂ ನೋಡಿದರು.

"ಒಬ್ಬ ನಾನು. ರೈಫಲ್ ಹಿಡಿದು ಗೊತ್ತಿರೋರು ಇನ್ಯಾರಾದ್ರೂ ಇದ್ದೀರಾ?"

"ಸ್ವಲ್ಪ ಗೊತ್ತು ಸಾರ್," ಅಂದರು ಠಸ್ಸೆಪ್ಪನವರು.

ಯಾವುದೋ ವಸ್ತುಪ್ರದರ್ಶನದಲ್ಲಿ ಹದಿನೈದು ವರ್ಷದ ಹಿಂದೆ ಮೂರು ಬಲೂನಿಗೆ ಗುರಿಯಿಟ್ಟು ಒಂದನ್ನು ಒಡೆದದ್ದೇ ಆ ಸ್ವಲ್ಪ.

"ಭೇಷ್! ಸ್ವಂತ ರೈಫಲ್ ಇದೆಯಾ?"

"ನೋಡ್ತಾ ಇದ್ದೀನಿ ಸಾರ್. ಒಳ್ಳೇದು ಸಿಗಬೇಕಲ್ಲ."

"ರಿಮ್‌ಫೈರ್ ತಾನೆ?"

"ಮತ್ತೇನು ಸಾರ್? ಅದೇ."

ಪೋಸ್ಟ್ ಮಾಸ್ಟರ್ ಒಳಗೆ ಹೋದ ಮೇಲೆ ಠಸ್ಸೆಪ್ಪನವರು ನನ್ನ ಕಡೆ ಬಗ್ಗಿ, "ರಿಮ್‌ಫೈರ್ ಅಂದ್ರೆ ಏನಯ್ಯಾ?" ಎಂದು ಪಿಸುಗುಟ್ಟಿದರು. ಸಿಡಿಯುವ ವಸ್ತುಗಳನ್ನು ಪಾರ್ಸೆಲ್‌ನಲ್ಲಿ ತೆಗೆದುಕೊಳ್ಳುವ ಹಾಗಿಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಅಷ್ಟನ್ನು ಹೇಳಿದೆ.

ಮನೆಯಲ್ಲಿ ಹೇಳುವಂತಿರಲಿಲ್ಲ. ಅವರ ಹಿಂದಿನ ಹುಚ್ಚುಗಳಾದ ಮೀನಿನ ಗಾಳ, ಕೊಳಲು, ಕೈಮಗ್ಗ ಒಂದಾದ ಮೇಲೊಂದು ಅಟ್ಟ ಸೇರಿದ್ದವು. "ಇನ್ನೊಂದು ಸಾಮಾನು ಈ ಮನೆಗೆ ಬಂದ್ರೆ, ಅದರ ಜೊತೆ ನೀವೂ ಅಟ್ಟಕ್ಕೆ" ಎಂದು ಅವರ ಹೆಂಡತಿ ಶಾಸನ ಹೊರಡಿಸಿದ್ದರು. ಹಾಗಾಗಿ ಶನಿವಾರ, ಭಾನುವಾರ ಓವರ್‌ಟೈಮ್ ಇದೆ ಎಂದು ಸುಳ್ಳು ಹೇಳಿ ಠಸ್ಸೆಪ್ಪನವರು ರೈಫಲ್ ಕ್ಲಬ್ಬಿಗೆ ಹೊರಟರು. ಮೊದಲ ದಿನ ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದರು.

ಕ್ಲಬ್ ನೋಡಿಕೊಳ್ಳುತ್ತಿದ್ದವರು ನಿವೃತ್ತ ಡ್ರಿಲ್ ಟೀಚರ್. ಅರವತ್ತು ದಾಟಿದ ಹೆಂಗಸು, ಕುತ್ತಿಗೆಯಲ್ಲಿ ಸೀಟಿ. ಅವರು ಖರ್ಜೂರದ ಬೀಜದಷ್ಟು ಚಿಕ್ಕ ಗುಂಡೊಂದನ್ನು ಅಂಗೈ ಮೇಲಿಟ್ಟು ತೋರಿಸಿದರು.

"ಇದರ ತಳದ ಅಂಚಿಗೆ ಸೂಜಿ ಬಡಿದ್ರೆ ಮದ್ದು ಹತ್ಕೊಳ್ಳುತ್ತೆ. ಅದಕ್ಕೇ ರಿಮ್‌ಫೈರ್ ಅನ್ನೋದು. ಸದ್ದು ಕಮ್ಮಿ, ಒದೆತ ಕಮ್ಮಿ, ಖರ್ಚೂ ಕಮ್ಮಿ. ಗುರಿ ಕಲಿಯೋರಿಗೆ ಇದೇ ಸರಿ."

"ಗೊತ್ತು ಟೀಚರ್," ಅಂದರು ಠಸ್ಸೆಪ್ಪನವರು.

ಮಾರಾಟಕ್ಕಿದ್ದ ಮೂರು ರೈಫಲ್‌ಗಳನ್ನು ಟೀಚರ್ ಮೇಜಿನ ಮೇಲಿಟ್ಟರು. ಒಂದು ಕರಿಯದು, ಮೈತುಂಬ ತಿರುಪು, ಗುಂಡಿ, ನೋಡಿದರೆ ಬಾಹ್ಯಾಕಾಶಕ್ಕೆ ಹೊರಟಂತಿತ್ತು. ಇನ್ನೊಂದು ಹೊಸದು, ಹಗುರ. ಮೂರನೆಯದು ಪಾಲಿಶ್ ಹೋದ ಮರದ ಹಿಡಿಯ ಹಳೆಯದು. ಠಸ್ಸೆಪ್ಪನವರ ಕಣ್ಣು ಕರಿಯದರ ಮೇಲೆಯೇ ನೆಟ್ಟಿತು.

"ಇದರಲ್ಲಿ ಅತೀ ದೂರ ಹೋಗೋದು ಯಾವುದು ಟೀಚರ್?"

"ಗೋಡೆ ಇರೋದು ಐವತ್ತು ಮೀಟರಿಗೆ. ಅದರಾಚೆ ಹೋಗಿ ಏನ್ ಮಾಡ್ಬೇಕು ನೀವು?"

ಠಸ್ಸೆಪ್ಪನವರು ಗೋಡೆಯನ್ನು ಗೌರವದಿಂದ ನೋಡಿದರು.

"ಒಂದೊಂದರಲ್ಲೂ ಐದೈದು ಹೊಡೀರಿ. ನಡುವಿಗೆ ಬಿತ್ತಾ ಅಂತ ನೋಡ್ಬೇಡಿ, ಐದೂ ಹತ್ತಿರ ಹತ್ತಿರ ಬಿತ್ತಾ ಅಂತ ನೋಡಿ. ಒಟ್ಟಿಗೆ ಬಿದ್ರೆ ತಿರುಪು ತಿರುಗಿಸಿ ನಡುವಿಗೆ ತರಬಹುದು. ಚದುರಿ ಬಿದ್ರೆ ದೇವರು ಬಂದ್ರೂ ಆಗಲ್ಲ. ಗುಂಡನ್ನೂ ಬದಲಾಯಿಸಿ ನೋಡಿ. ಒಂದು ನಳಿಗೆಗೆ ಹಸಿರು ಡಬ್ಬಿಯದು ಒಗ್ಗುತ್ತೆ, ಇನ್ನೊಂದಕ್ಕೆ ಕೆಂಪು ಡಬ್ಬಿಯದು. ಎಲ್ಲಾ ಬರೆದಿಡಿ."

ಅವರು ಬರೆದಿಡಿ ಅನ್ನದೇ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಠಸ್ಸೆಪ್ಪನವರು ಸರ್ಕಾರಿ ನೌಕರರು, ಬರೆದಿಡಿ ಎಂದರೆ ಬರೆದಿಡುವವರು. ಅಂಗಿಯ ಜೇಬಿನಲ್ಲಿ ಪುಟ್ಟ ಪುಸ್ತಕವೊಂದು ಬಂದು ಕುಳಿತಿತು. ಆರನೆಯ ವಾರ ಬಟ್ಟೆ ಒಗೆಯಲು ಹಾಕುವ ಮುಂಚೆ ಜೇಬು ತಡಕಿದ ಅವರ ಹೆಂಡತಿಯ ಕೈಗೆ ಅದು ಸಿಕ್ಕಿತು. ಅವರು ಓದಿದ್ದು ಹೀಗಿತ್ತು:

"ಶನಿವಾರ. ಹಸಿರು, 5 ಗುಂಡು. ಹಿತವಾಗಿತ್ತು. ಕೆಂಪು, 5 ಗುಂಡು. ಎಡಕ್ಕೆ ವಾಲಿತು. ನಿಂತು ಹೊಡೆದರೆ ಕೈ ನಡುಕ. ಮಲಗಿ ಹೊಡೆದರೆ ವಾಸಿ.

"ಭಾನುವಾರ. ಒಟ್ಟು 40 ಗುಂಡು. ಕೊನೆಯ ಹತ್ತು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಟೀಚರ್ ಬೈದರು. ಆಮೇಲೆ ಅವರೇ ಪಕ್ಕದಲ್ಲಿ ಮಲಗಿ ಹೇಳಿಕೊಟ್ಟರು."

ಅವರು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕುಳಿತರು. ಆಮೇಲೆ ಎದ್ದು, ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಾಲ್ಕು ಬೀದಿ ಆಚೆ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿರುವ ಅಣ್ಣನ ಹತ್ತಿರ ಓಡಿದರು. ಕಾಂಪೌಂಡರ್ ಪುಟ ತಿರುವಿ ತಿರುವಿ ಓದಿದರು.

"ನಲವತ್ತು ಗುಂಡು ಹಾಕಿ ಮನೆಗೆ ನೆಟ್ಟಗೆ ನಡ್ಕೊಂಡು ಬರ್ತಾರಲ್ಲ ಅಣ್ಣಾ!"

"ಅದೇ ಅಪಾಯ ಕಣಮ್ಮ. ಮೈಗೆ ಇಳಿದುಬಿಟ್ಟಿದೆ. ಬಾಯಿ ವಾಸನೆ ಬರುತ್ತಾ?"

"ಬಾಯಿಂದ ಬರಲ್ಲ. ಅಂಗೀಲಿ ಏನೋ ಸುಟ್ಟ ವಾಸನೆ."

"ಹಾಗಾದ್ರೆ ಕಳ್ಳಭಟ್ಟಿ," ಎಂದು ಕಾಂಪೌಂಡರ್ ರೋಗನಿರ್ಣಯ ಮಾಡಿದರು.

ಮರುದಿನ ಅವರು ಠಸ್ಸೆಪ್ಪನವರನ್ನು ಬ್ಯಾಂಡೇಜ್ ಕಟ್ಟುವ ಕೋಣೆಗೆ ಕರೆಸಿ, ಬಾಗಿಲು ಹಾಕಿದರು. "ಭಾವ, ನನಗೆ ಎಲ್ಲಾ ಗೊತ್ತಾಗಿದೆ. ನಿಮ್ಮ ಪುಸ್ತಕ ಓದಿದೆ."

ಠಸ್ಸೆಪ್ಪನವರಿಗೆ ನಿರಾಳವಾಯಿತು. ಮನೆಯವರಲ್ಲಿ ಒಬ್ಬರಿಗಾದರೂ ತಿಳಿಯಿತಲ್ಲ.

"ಅವಳಿಗೆ ಮಾತ್ರ ಈಗಲೇ ಹೇಳ್ಬೇಡಿ ಭಾವ."

"ಒಂದು ದಿನಕ್ಕೆ ಎಷ್ಟು ಗುಂಡು?"

"ದಿನಾ ಇಲ್ಲ. ಶನಿವಾರ, ಭಾನುವಾರ ಅಷ್ಟೇ. ನಲವತ್ತು, ಐವತ್ತು. ಟೀಚರಮ್ಮ ನೂರು ಹೊಡೀತಾರೆ. ಅವರ ಕೈ ಒಂಚೂರೂ ಅಲ್ಲಾಡಲ್ಲ."

"ಹೆಂಗಸಾಗಿ ನೂರಾ!"

"ಅಷ್ಟೇ ಅಲ್ಲ, ಶಾಲೆ ಮಕ್ಕಳಿಗೂ ಕಲಿಸ್ತಾರೆ."

ಕಾಂಪೌಂಡರ್ ಹತ್ತಿಯ ಡಬ್ಬ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತರು. "ಮಕ್ಕಳಿಗೆ..."

"ಮಕ್ಕಳಿಗೆ ಬೇಗ ಹತ್ತುತ್ತೆ ಭಾವ. ನಮ್ಮ ವಯಸ್ಸಲ್ಲೇ ಕಷ್ಟ. ನಾನೂ ಮನೇಲೇ ಒಂದು ತಂದಿಟ್ಕೊಳ್ಳೋಣ ಅಂತಿದ್ದೀನಿ. ಅರ್ಜಿ ಹಾಕಾಯ್ತು. ಒಂದು ಕಬ್ಬಿಣದ ಬೀರು ಬೇಕಾಗುತ್ತೆ, ಗಟ್ಟಿ ಬೀಗದ್ದು. ನೀವೂ ಒಂದು ಭಾನುವಾರ ಬನ್ನಿ. ಮೊದಲನೇ ದಿನ ಐದು ಸಾಕು."

ಕಾಂಪೌಂಡರ್ ಬರಲಿಲ್ಲ. ಬದಲಿಗೆ ಠಸ್ಸೆಪ್ಪನವರ ಎದುರುಮನೆಯ ನಿವೃತ್ತ ಬಸ್ ಕಂಡಕ್ಟರಿಗೆ, ಭಾವನ ಮೇಲೆ ಒಂದು ಕಣ್ಣಿಡಿ ಎಂದು ಗುಟ್ಟಾಗಿ ಹೇಳಿದರು. ನಲವತ್ತು ವರ್ಷ ಬಸ್ಸಿನ ಕೊನೆಯ ಸೀಟಿನವರಿಗೂ ಕೇಳುವಂತೆ ಮಾತಾಡಿದವರು ಗುಟ್ಟನ್ನು ಹೇಗೆ ಇಟ್ಟುಕೊಂಡಾರು? ಮೂರು ದಿನದಲ್ಲಿ ಇಡೀ ಬೀದಿಗೆ ತಿಳಿಯಿತು. ಆ ಬೀದಿಯವರು ಒಳ್ಳೆಯವರು, ಯಾರೂ ಆಡಿಕೊಳ್ಳಲಿಲ್ಲ. ಠಸ್ಸೆಪ್ಪನವರು ಎದುರು ಬಂದರೆ ಮೋರಿಯ ಕಡೆಗೆ ತಾವು ಸರಿದು ಅವರಿಗೆ ಗೋಡೆಯ ಕಡೆ ಬಿಟ್ಟುಕೊಟ್ಟರು. ಪಕ್ಕದ ಮನೆಯಾಕೆ ದಿನವೂ ನಿಂಬೆರಸ ಕಳಿಸಿದರು. ಭಾವ ಬೀದಿಯವರಿಗೆ ಹೇಳಿರಬೇಕು, ಇದೆಲ್ಲ ತಾನು ಕಚೇರಿಯ ಪರವಾಗಿ ಆಡಲಿರುವ ಗೌರವಕ್ಕೆ ಎಂದು ತಿಳಿದು ಠಸ್ಸೆಪ್ಪನವರು ನಿಂಬೆರಸವನ್ನು ವಿನಯದಿಂದ ಕುಡಿದರು.

ಅನುಮಾನ ಇದ್ದ ಒಬ್ಬಿಬ್ಬರಿಗೂ ಆಮೇಲೆ ಖಾತ್ರಿಯಾಯಿತು. ಬೆಳಿಗ್ಗೆ ಏಳು ಗಂಟೆಗೆ ಠಸ್ಸೆಪ್ಪನವರು ಟೆರೇಸಿನಲ್ಲಿ ಚಾಪೆ ಹಾಸಿ, ಬೋರಲು ಮಲಗಿ, ಪೊರಕೆಯನ್ನು ಭುಜಕ್ಕಾನಿಸಿ, ಒಂದು ಕಣ್ಣು ಮುಚ್ಚಿ ಅಭ್ಯಾಸ ಮಾಡುತ್ತಿದ್ದರು. ಎದುರಿನಿಂದ ನೋಡಿದ ಕಂಡಕ್ಟರಿಗೆ, ಬೆಳಬೆಳಿಗ್ಗೆಯೇ ಪೊರಕೆ ತಬ್ಬಿಕೊಂಡು ಬಿದ್ದಿರುವ ಸಂಸಾರಸ್ಥನೊಬ್ಬ ಕಂಡ. ಅವರು ಕಣ್ಣೊರೆಸಿಕೊಂಡು ಒಳಗೆ ಹೋದರಂತೆ.

ಹೀಗಿರುವಾಗ ಒಂದು ಮಧ್ಯಾಹ್ನ, ಠಸ್ಸೆಪ್ಪನವರು ಕಚೇರಿಯಲ್ಲಿದ್ದ ಹೊತ್ತಿಗೆ, ಬಿಳಿ ಅಂಗಿಯ ಒಬ್ಬರು ಕಂಕುಳಲ್ಲಿ ಫೈಲಿಟ್ಟುಕೊಂಡು ಬೀದಿಗೆ ಬಂದು, "ಠಸ್ಸೆ ಕೆಲಸದವರ ಮನೆ ಯಾವುದು? ವಿಚಾರಣೆಗೆ ಬಂದಿದ್ದೀನಿ," ಎಂದರು. ರೈಫಲ್ ಲೈಸೆನ್ಸಿನ ಅರ್ಜಿ ವಿಚಾರಿಸಲು ಬಂದ ಪೊಲೀಸ್ ದಫೇದಾರರು ಅವರು. ಬೀದಿಯವರು ಮಾತ್ರ, ಕುಡಿತದ ಸುದ್ದಿ ಅಂಚೆ ಇಲಾಖೆಗೆ ಮುಟ್ಟಿ, ಕೆಲಸ ಕಳೆಯುವವರು ಬಂದರು ಅಂದುಕೊಂಡರು. ಕಂಡಕ್ಟರ್ ಗೇಟಿಗೆ ಅಡ್ಡ ನಿಂತರು.

"ಹೇಗೆ ಈ ಮನುಷ್ಯ?"

"ದೇವರಂಥವರು ಸಾರ್."

"ಕುಡಿತ ಏನಾದ್ರೂ?"

"ಕುಡಿತಾನಾ? ಅವರು ನೀರು ಕುಡಿಯೋದನ್ನೂ ನಾನು ನೋಡಿಲ್ಲ."

"ಬೆಳಿಗ್ಗೆ ಹೊತ್ತು ಟೆರೇಸಲ್ಲಿ ಬಿದ್ದಿರ್ತಾರೆ ಅಂತ ಮೂಲೆ ಅಂಗಡೀಲಿ ಹೇಳಿದ್ರು?"

"ಸುಸ್ತು ಸಾರ್. ದುಡಿಯೋ ಜೀವಕ್ಕೆ ಸುಸ್ತಾಗಲ್ವಾ?"

ದಫೇದಾರರು ಬರೆದುಕೊಂಡು ಮನೆಯೊಳಗೆ ಬಂದರು. ಕಾಂಪೌಂಡರ್ ಸುದ್ದಿ ತಿಳಿದು ಆಗಲೇ ಬಂದು ತಂಗಿಯ ಪಕ್ಕ ನಿಂತಿದ್ದರು. ಮುಂದಿನದನ್ನು ನನಗೆ ಹೇಳಿದ್ದು ಠಸ್ಸೆಪ್ಪನವರ ಹೆಂಡತಿಯೇ. ಏನೇ ಆಗಲಿ ಬಾಯಿ ಬಿಡಬಾರದು ಅಂತ ಅವರು ಗಟ್ಟಿಮಾಡಿಕೊಂಡಿದ್ದರಂತೆ.

"ಅಮ್ಮಾ, ನಿಮ್ಮ ಯಜಮಾನರ ಗುಂಡಿನ ವಿಷಯ ನಿಮಗೆ ಗೊತ್ತು ತಾನೆ?"

ಅಷ್ಟು ನೇರವಾಗಿ ಕೇಳಿದಾಗ ಕಟ್ಟೆ ಒಡೆಯಿತು. "ಗೊತ್ತು ಸಾರ್."

"ನಿಮ್ಮ ಒಪ್ಪಿಗೆ ಇದೆಯಾ?"

"ಯಾವ ಹೆಂಡತಿ ಒಪ್ತಾಳೆ ಸಾರ್?"

"ಅಳೋ ಅಂಥದ್ದು ಏನಿದೆಯಮ್ಮ? ನಾನೇ ಇಪ್ಪತ್ತೆರಡು ವರ್ಷದಿಂದ ಹೊಡೀತಾ ಇದ್ದೀನಿ. ನಮಗೆ ಇಲಾಖೆಯಿಂದಲೇ ಕೊಡ್ತಾರೆ. ಸಾಹೇಬ್ರೇ ಮುಂದೆ ನಿಂತು ಹೊಡೆಸ್ತಾರೆ. ಚೆನ್ನಾಗಿ ಹೊಡೆದೋರಿಗೆ ಬಹುಮಾನ."

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

"ಯಾವ ಇಲಾಖೆ ಸಾರ್ ನಿಮ್ದು?" ಎಂದರು ಕಾಂಪೌಂಡರ್.

"ಪೊಲೀಸು."

ಲೋಕ ಇಷ್ಟು ಕೆಟ್ಟಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಸರಿ, ಮನೇಲಿ ಇಟ್ಕೊಳ್ಳೋಕೆ ಬೀಗದ ಬೀರು ಇದೆಯಾ?"

ಕಾಂಪೌಂಡರ್ ಕೈ ಜೋಡಿಸಿದರು. "ಸಾರ್, ಅವರ ಕೆಲಸ ಒಂದು ಉಳಿಸಿ. ಕಡಿಮೆ ಮಾಡಿಸ್ತಾ ಇದ್ದೀವಿ. ಐವತ್ತು ಹಾಕೋರು ಒಂದೇ ಸಲ ಬಿಟ್ರೆ ನಡುಕ ಬರುತ್ತೆ. ಔಷಧಿ ನಾನೇ ನೋಡ್ಕೋತಿದ್ದೀನಿ."

ದಫೇದಾರರ ಪೆನ್ನು ನಿಂತಿತು. "ಏನನ್ನ ಕಡಿಮೆ ಮಾಡಿಸ್ತಿದ್ದೀರಿ?"

"ಕುಡಿಯೋದನ್ನ."

"ಅವರು ಯಾವುದಕ್ಕೆ ಅರ್ಜಿ ಹಾಕಿದಾರೆ ಅಂದ್ಕೊಂಡಿದ್ದೀರಿ ನೀವು? ಬಂದೂಕಿಗೆ! ರೈಫಲ್ಲಿಗೆ!"

ಠಸ್ಸೆಪ್ಪನವರ ಹೆಂಡತಿ ಸೆರಗಿನಿಂದ ಮುಖ ತೆಗೆದರು. "ಬಂದೂಕಾ? ಬರೀ ಬಂದೂಕಾ?" ಎಂದರು. ಆಮೇಲೆ, "ಅಣ್ಣಾ, ಬಂದೂಕಂತೆ ಕಣೋ!" ಎಂದು ನಗತೊಡಗಿದರು. ನಗು ನಿಲ್ಲದೆ ಗೋಡೆ ಹಿಡಿದುಕೊಂಡರು. ಗಂಡ ಮನೆಗೆ ಬಂದೂಕು ತರುತ್ತಾನೆಂದು ಇಷ್ಟು ಸಂತೋಷಪಟ್ಟ ಹೆಂಗಸನ್ನು ದಫೇದಾರರು ತಮ್ಮ ಸೇವಾವಧಿಯಲ್ಲಿ ನೋಡಿರಲಿಲ್ಲ. ಅದನ್ನೂ ಬರೆದುಕೊಂಡರು.

ಅವರ ವರದಿ ಹೀಗಿತ್ತಂತೆ: ನೆರೆಯವರ ಪ್ರಕಾರ ಅರ್ಜಿದಾರರು ನೀರನ್ನೂ ಕುಡಿಯುವುದಿಲ್ಲ. ಸಂಬಂಧಿಕರ ಪ್ರಕಾರ ಐವತ್ತು ಕುಡಿಯುತ್ತಾರೆ. ಪತ್ನಿ ನಗುತ್ತಾರೆ. ಮೇಲಧಿಕಾರಿಯಿಂದ ನಡತೆಯ ಪತ್ರ ತಂದರೆ ಮಾತ್ರ ಮುಂದುವರಿಯಬಹುದು.

ಠಸ್ಸೆಪ್ಪನವರು ಪತ್ರ ಕೇಳಲು ಪೋಸ್ಟ್ ಮಾಸ್ಟರ ಕೋಣೆಗೆ ಹೋದರು. ವರದಿಯ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು.

"ಕೈ ನಡುಕಕ್ಕೆ ಔಷಧಿ ತಗೋತಿದ್ದೀರಂತೆ?"

"ಇಲ್ಲ ಸಾರ್, ಅದು ನಮ್ಮ ಭಾವ..."

"ನೋಡೋಣ. ಸ್ಪರ್ಧೆ ಆಗ್ಲಿ ಮೊದಲು."

ಆ ದಿನ ಠಸ್ಸೆಪ್ಪನವರು ಮೊದಲ ಬಾರಿಗೆ ಒಂದು ಕಾಗದದ ಮೇಲೆ ಠಸ್ಸೆಯನ್ನು ತಲೆಕೆಳಗಾಗಿ ಒತ್ತಿದರು.

ಮನೆಯಲ್ಲಿ ಹೆಂಡತಿಯ ನಗು ಅಷ್ಟು ಹೊತ್ತಿಗೆ ಮುಗಿದಿತ್ತು. "ಕುಡೀಲಿಲ್ಲ, ಸರಿ. ಸುಳ್ಳು ಹೇಳಿದ್ರಲ್ಲ? ಎರಡು ವಾರ ನನಗೆ ಊಟ ಸೇರಿಲ್ಲ ರೀ. ನೀವು ಬರೋ ಹೊತ್ತಿಗೆ ಬಾಗಿಲ ಹಿಂದೆ ನಿಂತು, ಹೆಜ್ಜೆ ನೆಟ್ಟಗಿದೆಯಾ ಅಂತ ಕೇಳಿಸ್ಕೋತಿದ್ದೆ."

ಠಸ್ಸೆಪ್ಪನವರು ಕಾಲುಚೀಲವನ್ನು ಒಂದರೊಳಗೊಂದು ಮಡಿಚುತ್ತ ಕುಳಿತರು.

"ತಪ್ಪಾಯ್ತು ಕಣೇ," ಅಂದರು ಕೊನೆಗೆ.

"ಶನಿವಾರ ನಾನೂ ಬರ್ತೀನಿ. ಆ ಟೀಚರ್ ಯಾರು ಅಂತ ನೋಡ್ಬೇಕು."

ಟೀಚರನ್ನು ನೋಡಿದ ಎರಡನೇ ನಿಮಿಷಕ್ಕೆ ಅವರ ಆ ಚಿಂತೆ ಹೋಯಿತು. ಆಮೇಲೆ ಬೆಂಚಿನ ಮೇಲೆ ಕೂತು ಗಂಡನನ್ನೇ ನೋಡತೊಡಗಿದರು. ಠಸ್ಸೆಪ್ಪನವರು ತಮ್ಮ ಮೆಚ್ಚಿನ ಕರಿಯ ರೈಫಲ್ ಹಿಡಿದು ಮಲಗಿದ್ದರು. ಏಳು ವಾರವಾದರೂ ಅದರ ಗುಂಡುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ದೂರ ದೂರವೇ ಬೀಳುತ್ತಿದ್ದವು.

"ಕತ್ತನ್ನ ಯಾಕ್ರೀ ಕೊಕ್ಕರೆ ಹಾಗೆ ಚಾಚ್ತೀರಿ?"

"ಮಾತಾಡ್ಬೇಡ, ಗುರಿ ತಪ್ಪುತ್ತೆ."

"ತಪ್ಪೋಕೆ ಗುರಿ ಎಲ್ಲಿದೆ? ಟೀಚರ್, ಇವರ ತೋಳು ಗಿಡ್ಡ. ಅಂಗಡಿಯಿಂದ ತಂದ ಅಂಗಿಗೆಲ್ಲ ನಾನು ತೋಳು ಎರಡು ಬೆರಳು ಮಡಿಚಿ ಹೊಲೀತೀನಿ. ಈ ಬಂದೂಕಿನ ಹಿಂಭಾಗ ಇವರಿಗೆ ಉದ್ದ ಆಯ್ತು. ಎಟುಕಿಸ್ಕೊಂಡು ಎಟುಕಿಸ್ಕೊಂಡು ಹೊಡೀತಿದಾರೆ."

ಟೀಚರ್ ಸೀಟಿಯನ್ನು ಬಾಯಿಂದ ತೆಗೆದರು. ಬಂದು ಠಸ್ಸೆಪ್ಪನವರ ಮೊಣಕೈ ಹಿಡಿದು ನೋಡಿದರು. "ಏಳು ವಾರದಿಂದ ನಾನು ನಳಿಗೆ ನೋಡ್ತಿದ್ದೆ, ಗುಂಡು ನೋಡ್ತಿದ್ದೆ. ಮನುಷ್ಯನ್ನ ಅಳೀಲೇ ಇಲ್ಲ ನೋಡಿ," ಅಂದರು.

ಕರಿಯದರ ಹಿಡಿ ಲೋಹದ್ದು, ಇನ್ನು ಗಿಡ್ಡ ಮಾಡುವಂತಿರಲಿಲ್ಲ. ಹಗುರದ್ದು ಯಾವ ಡಬ್ಬಿಯ ಗುಂಡಿಗೂ ಒಗ್ಗಿರಲಿಲ್ಲ. ಉಳಿದದ್ದು ಹಳೆಯ ಮರದ್ದು. ಅದರ ನಳಿಗೆ ಮಾತ್ರ ಇನ್ನೂ ಕನ್ನಡಿಯಂತಿತ್ತು, ಬೆಲೆ ಕರಿಯದರ ಕಾಲು ಭಾಗ. ಬಡಗಿಯನ್ನು ಕರೆಸಿ ಹಿಡಿಯ ಹಿಂಭಾಗವನ್ನು ಎರಡು ಬೆರಳಷ್ಟು ಕೊಯ್ಯಿಸಿದರು. ಮುಂದಿನ ಭಾನುವಾರ, ಹಸಿರು ಡಬ್ಬಿಯ ಐದು ಗುಂಡಿನ ತೂತುಗಳ ಮೇಲೆ ಟೀಚರ್ ಒಂದು ನಾಣ್ಯವಿಟ್ಟರು. ಐದೂ ಮುಚ್ಚಿಹೋದವು. ಲೈಸೆನ್ಸ್ ಬರುವ ತನಕ ರೈಫಲ್ ಕ್ಲಬ್ಬಿನದೇ. ಸ್ಪರ್ಧೆಗೆ ಅದನ್ನೇ ಕೊಡುವುದಾಗಿ ಟೀಚರ್ ಒಪ್ಪಿದರು.

ಸ್ಪರ್ಧೆಯ ದಿನ ಹನ್ನೆರಡು ಜನ ಸಾಲಾಗಿ ಮಲಗಿದರು. ಏಳನೆಯ ಜಾಗ ಠಸ್ಸೆಪ್ಪನವರದು, ಎಂಟನೆಯದು ಪೋಸ್ಟ್ ಮಾಸ್ಟರದು. ನಾಲ್ಕು ಸುತ್ತು, ಸುತ್ತಿಗೆ ಐದು. ಮೂರು ಸುತ್ತು ಮುಗಿದಾಗ ಠಸ್ಸೆಪ್ಪನವರು ಎರಡನೆಯ ಸ್ಥಾನದಲ್ಲಿದ್ದರು, ಪೋಸ್ಟ್ ಮಾಸ್ಟರ್ ಐದನೆಯದರಲ್ಲಿ. ನನ್ನ ಪಕ್ಕ ಕೂತ ಠಸ್ಸೆಪ್ಪನವರ ಹೆಂಡತಿ ಬೆರಳು ಮಡಿಚಿ ಅಂಕ ಎಣಿಸುತ್ತಿದ್ದರು.

ಆಗ ಬೀದಿಯವರು ಬಂದರು. ತಪ್ಪು ತಿಳಿದ ಪ್ರಾಯಶ್ಚಿತ್ತಕ್ಕೆಂದು ಕಂಡಕ್ಟರ್ ಎಲ್ಲರನ್ನೂ ಒಂದು ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ಕಾಂಪೌಂಡರ್ ಮುನ್ನೆಚ್ಚರಿಕೆಯಾಗಿ ಔಷಧಿ ಚೀಲ ತಂದಿದ್ದರು. ಎಲ್ಲರೂ ಕೂತರೆಂದು ಖಾತ್ರಿಯಾದ ಮೇಲೆ ಕಂಡಕ್ಟರ್, ನಲವತ್ತು ವರ್ಷದ ಅಭ್ಯಾಸಬಲದಿಂದ, "ರೈಟ್ ರೈಟ್!" ಎಂದು ಕೂಗಿಬಿಟ್ಟರು.

ಠಸ್ಸೆಪ್ಪನವರು ತಲೆಯೆತ್ತಿ ತಿರುಗಿ ನೋಡಿದರು. ಇಷ್ಟು ಜನ ತಮಗಾಗಿ ಬಂದದ್ದು ಕಂಡು ಅವರ ಕಣ್ಣು ಮಂಜಾಯಿತು. ಮತ್ತೆ ತಲೆ ತಗ್ಗಿಸಿ, ಉಸಿರು ಬಿಟ್ಟು, ಅರ್ಧದಲ್ಲಿ ತಡೆದು, ಐದು ಗುಂಡು ಹೊಡೆದರು. ಅಷ್ಟು ನಿಧಾನವಾಗಿ, ಅಷ್ಟು ಶಾಂತವಾಗಿ ಅವರು ಏನನ್ನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಕಾಗದಗಳು ಬಂದವು. ಏಳನೆಯ ಕಾಗದದಲ್ಲಿ ಒಂದೇ ಒಂದು ತೂತಿರಲಿಲ್ಲ. ಎಂಟನೆಯದರಲ್ಲಿ ಹತ್ತು ಇದ್ದವು. ಐದು ತೂತು ನಾಲ್ಕೂ ದಿಕ್ಕಿಗೆ ಚೆಲ್ಲಿದ್ದವು. ಇನ್ನೈದು ನಟ್ಟನಡುವೆ ಒಂದೇ ತೂತಿನಂತೆ ಕೂಡಿಕೊಂಡಿದ್ದವು.

ತೀರ್ಪುಗಾರರು ನಿಯಮದ ಪುಸ್ತಕ ತೆಗೆದರು. "ಪಕ್ಕದವರ ಗುರಿಗೆ ಹೊಡೆದೋರಿಗೆ ಸೊನ್ನೆ. ಯಾವುದು ಯಾರದು ಅಂತ ಹೇಳೋಕೆ ಬರದಿದ್ರೆ, ಆ ಗುರಿ ಯಾರದೋ ಅವರಿಗೆ ಒಳ್ಳೆಯ ಐದು. ಇದರಲ್ಲಿ ಯಾವ ಐದು ಯಾರದು, ಯಾರಾದ್ರೂ ಹೇಳ್ತೀರಾ?"

ಪೋಸ್ಟ್ ಮಾಸ್ಟರ್ ತಮ್ಮ ಕೈಗವಸಿನ ದಾರವನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ಠಸ್ಸೆಪ್ಪನವರ ಹೆಂಡತಿ ಏನೋ ಹೇಳಲು ಎದ್ದರು. ಠಸ್ಸೆಪ್ಪನವರು ಅವರ ಕಡೆ ತಿರುಗಿ ಬೇಡವೆಂದು ಮೆಲ್ಲಗೆ ತಲೆಯಾಡಿಸಿದರು. ಅವರು ಕುಳಿತರು. ಬಹುಮಾನದ ಬಟ್ಟಲು ಪೋಸ್ಟ್ ಮಾಸ್ಟರಿಗೆ ಹೋಯಿತು. ಠಸ್ಸೆಪ್ಪನವರ ಬೀದಿಯವರು, ಏನಾಯಿತೆಂದು ತಿಳಿಯದೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಗೇಟಿನ ಹತ್ತಿರ ಹೆಂಡತಿ ಕೇಳಿದರು, "ನಡುವಿನ ಐದೂ ನಿಮ್ದೇ ಅಲ್ವೇನ್ರೀ?"

"ಹೂಂ."

"ಒಂದೂ ಆಚೀಚೆ ಹೋಗಿರ್ಲಿಲ್ಲ."

"ಒಂದೂ ಹೋಗಿರ್ಲಿಲ್ಲ," ಅಂದರು ಠಸ್ಸೆಪ್ಪನವರು. ಅವರ ಹೆಂಡತಿ ರೈಫಲ್ ಚೀಲದ ಒಂದು ತುದಿ ಹಿಡಿದುಕೊಂಡರು. ಇಬ್ಬರೂ ಅದನ್ನು ಟೀಚರಿಗೆ ಒಪ್ಪಿಸಲು ನಡೆದರು.

ಸೋಮವಾರ ಬೆಳಿಗ್ಗೆ, ಯಾರೂ ಕೇಳದೆಯೇ, ಪೋಸ್ಟ್ ಮಾಸ್ಟರ್ ನಡತೆಯ ಪತ್ರ ಬರೆಸಿದರು. "ಇವರು ಸಜ್ಜನರು, ಮಿತಭಾಷಿಗಳು. ಇವರ ಕೈಯಲ್ಲಿ ನಡುಕ ಎಳ್ಳಷ್ಟೂ ಇಲ್ಲವೆಂಬುದನ್ನು ನಾನು ಖುದ್ದಾಗಿ ಬಲ್ಲೆ" ಎಂದಿತ್ತು ಅದರಲ್ಲಿ. ಎರಡು ತಿಂಗಳಿಗೆ ಲೈಸೆನ್ಸ್ ಬಂತು. ಹಳೆಯ ಮರದ ರೈಫಲ್ ಠಸ್ಸೆಪ್ಪನವರ ಮನೆಯ ಕಬ್ಬಿಣದ ಬೀರು ಸೇರಿತು. ಶನಿವಾರಗಳಂದು ಗಂಡ ಹೆಂಡತಿ ಇಬ್ಬರೂ ಕ್ಲಬ್ಬಿಗೆ ಹೋಗುತ್ತಾರೆ.

ಮೊನ್ನೆ ಮುಂದಿನ ವರ್ಷದ ಸ್ಪರ್ಧೆಗೆ ಹೆಸರು ಕಳಿಸುವ ಸುತ್ತೋಲೆ ಬಂತು. ಪೋಸ್ಟ್ ಮಾಸ್ಟರ್ ನನ್ನನ್ನು ಒಳಗೆ ಕರೆದು ಉತ್ತರ ಬರೆಸಿದರು. ಮೊದಲು ತಮ್ಮ ಹೆಸರು, ಆಮೇಲೆ ಠಸ್ಸೆಪ್ಪನವರದು. ನಾನು ಎದ್ದು ಬಾಗಿಲ ತನಕ ಹೋಗಿದ್ದೆ, ಮತ್ತೆ ಕರೆದರು.

"ಕೆಳಗೆ ಇನ್ನೊಂದು ಸಾಲು ಸೇರಿಸಿ. ನಮ್ಮಿಬ್ಬರಿಗೂ ಪಕ್ಕಪಕ್ಕದ ಜಾಗವೇ ಆಗಬೇಕು."